ಯಾವ ವಿಷಯವಾದರೂ ಸರಿ, ಫೀಸು ಕಟ್ಟಿ

ಸಾಹಿತ್ಯ, ವಿಜ್ಞಾನ ಅಂತ ಜ್ಞಾನಕ್ಕೆ ಗೋಡೆ ಕಟ್ಟಬಾರದು ಅನ್ನುತ್ತಾರೆ. ಈ ಮಾತನ್ನು ಚಾಚೂ ತಪ್ಪದೆ ಪಾಲಿಸುವವರು ನಮ್ಮ ‘ಇಂಟರ್‌ನ್ಯಾಷನಲ್ ಮಲ್ಟಿಡಿಸಿಪ್ಲಿನರಿ’ ಸಂಶೋಧನಾ ಜರ್ನಲ್‌ಗಳವರು. ಅಲ್ಲಿ ವಚನಗಳಲ್ಲಿ ಕಾಯಕ ತತ್ವ, ಬ್ರಾಯ್ಲರ್ ಕೋಳಿಯ ಮೇವು, ಕಾಂಕ್ರೀಟಿಗೆ ಹಾರುಬೂದಿ, ಜಿಎಸ್‌ಟಿ, ಯೋಗ ಎಲ್ಲವೂ ಒಂದೇ ಪಂಕ್ತಿಯಲ್ಲಿ ಕೂತಿರುತ್ತವೆ. ಇಷ್ಟೆಲ್ಲ ವಿಷಯ ಒಬ್ಬ ಸಂಪಾದಕರಿಗೆ ಹೇಗೆ ಗೊತ್ತಿರುತ್ತದೆ? ಗೊತ್ತಿರುವುದಿಲ್ಲ. ಅದಕ್ಕೇ ಅವರು ಓದುವುದಿಲ್ಲ. ಸೋಮವಾರ ಪ್ರಬಂಧ ಕಳಿಸಿದರೆ ಬುಧವಾರ ಸ್ವೀಕೃತ, ಹಣ ಕಟ್ಟಿದರೆ ಗುರುವಾರ ಸರ್ಟಿಫಿಕೇಟು.

ಇದರ ಬೇರು ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆ ಮಾಡುವ ಯುಜಿಸಿಯ ಅಂಗಳದಲ್ಲಿದೆ. 2010ರಲ್ಲಿ ಅಧ್ಯಾಪಕರ ಸಾಧನೆಯನ್ನು ಅಂಕದಲ್ಲಿ ಅಳೆಯುವ ‘ಎಪಿಐ’ ಪದ್ಧತಿ ಬಂತು, ಪ್ರಬಂಧಕ್ಕೆ ಇಷ್ಟಿಷ್ಟು ಅಂಕ ಅಂತಾಯಿತು. ಹಳಗನ್ನಡ ಕಲಿಸುವ ಮೇಷ್ಟ್ರಿಗೂ ಬಡ್ತಿಗೆ ಅಂಕ ಬೇಕು, ರಸಾಯನಶಾಸ್ತ್ರದ ಮೇಡಂಗೂ ಬೇಕು. ಬೇಕು ಅನ್ನುವವರು ಜಾಸ್ತಿಯಾದ ಮೇಲೆ ಅಂಗಡಿ ತೆರೆಯದೆ ಇರುತ್ತಾರೆಯೇ? ಆಮೇಲೆ ಯುಜಿಸಿ ‘ಒಪ್ಪಿತ ಜರ್ನಲ್‌’ಗಳ ಪಟ್ಟಿ ಮಾಡಿತು. 2018ರಲ್ಲಿ ತಾನೇ ಮಾಡಿದ ಆ ಪಟ್ಟಿಯಿಂದ 4,305 ಹೆಸರು ಹೊಡೆದುಹಾಕಿತು. 2019ರಲ್ಲಿ ‘ಕೇರ್’ ಅನ್ನೋ ಹೊಸ ಪಟ್ಟಿ. 2025ರ ಫೆಬ್ರುವರಿಯಲ್ಲಿ ಅದೂ ಬೇಡ, ಒಳ್ಳೆಯ ಜರ್ನಲ್ ಯಾವುದೆಂದು ನೀವೇ ನೋಡಿಕೊಳ್ಳಿ ಎಂದಿತು. ಕೇರ್ ಮಾಡುವುದಿಲ್ಲ ಅಂತ ಇಷ್ಟು ನೇರವಾಗಿ ಹೇಳಿದ ಸರ್ಕಾರಿ ಸಂಸ್ಥೆ ಅಪರೂಪ.

ನಾವೊಬ್ಬರೇ ಹೀಗೆ ಅಂತ ಕೊರಗಬೇಡಿ. 2013ರಲ್ಲಿ ‘ಸೈನ್ಸ್’ ಪತ್ರಿಕೆಗಾಗಿ ಜಾನ್ ಬೊಹಾನನ್ ಎಂಬುವರು ತಪ್ಪುಗಳಿಂದಲೇ ತುಂಬಿದ ಸುಳ್ಳು ಕ್ಯಾನ್ಸರ್ ಪ್ರಬಂಧವೊಂದನ್ನು 304 ಜರ್ನಲ್‌ಗಳಿಗೆ ಕಳಿಸಿದರು. 157 ಜರ್ನಲ್‌ಗಳು ಒಪ್ಪಿದವು. 2015ರಲ್ಲಿ ಪೋಲೆಂಡಿನ ಸಂಶೋಧಕರು ಇಲ್ಲದ ಮಹಿಳೆಯೊಬ್ಬರ ಹೆಸರಿನಲ್ಲಿ 360 ಜರ್ನಲ್‌ಗಳಿಗೆ ಸಂಪಾದಕ ಹುದ್ದೆ ಕೇಳಿ ಬರೆದರು. ಸಂಪಾದನೆಯ ಅನುಭವ ಸೊನ್ನೆ. 48 ಕಡೆ ಹುದ್ದೆ ಸಿಕ್ಕಿತು. ನಮ್ಮಲ್ಲಿ ಅತಿಥಿ ಉಪನ್ಯಾಸಕರ ಹುದ್ದೆಯೂ ಇಷ್ಟು ಸಲೀಸಾಗಿ ಸಿಗುವುದಿಲ್ಲ.

ಆದರೆ ನನ್ನ ಮೆಚ್ಚಿನದು ಇನ್ನೊಂದು. 2005ರಲ್ಲಿ ಅಮೆರಿಕದ ಇಬ್ಬರು ಕಂಪ್ಯೂಟರ್ ವಿಜ್ಞಾನಿಗಳು ಒಂದು ‘ಪ್ರಬಂಧ’ ಬರೆದಿದ್ದರು. ‘ನಿಮ್ಮ ಹಾಳು ಮೇಲಿಂಗ್ ಲಿಸ್ಟಿನಿಂದ ನನ್ನನ್ನು ತೆಗೀರಿ’ ಅನ್ನುವ ಅರ್ಥದ ಒಂದೇ ವಾಕ್ಯ, ಬೈಗುಳದ ಸಮೇತ, ಪುಟಗಟ್ಟಲೆ. ಶೀರ್ಷಿಕೆ ಅದೇ, ಪೀಠಿಕೆ ಅದೇ, ನಕ್ಷೆಯಲ್ಲೂ ಅದೇ. ಜರ್ನಲ್‌ಗಳ ಈಮೇಲ್ ಕಾಟ ತಾಳದ ಆಸ್ಟ್ರೇಲಿಯಾದ ಪ್ರಾಧ್ಯಾಪಕರೊಬ್ಬರು 2014ರಲ್ಲಿ ಅದನ್ನೇ ಒಂದು ಜರ್ನಲ್‌ಗೆ ಕಳಿಸಿದರು. ವಿಮರ್ಶಕರ ಅಭಿಪ್ರಾಯ: ‘ಅತ್ಯುತ್ತಮ’. ಇತ್ತೀಚಿನ ಕೆಲವು ಆಕರಗಳನ್ನು ಸೇರಿಸಿ ಅಂತ ಒಂದು ಸಲಹೆ. ಜೊತೆಗೆ 150 ಡಾಲರ್ ಬಿಲ್ಲು.

ಪ್ರಾಧ್ಯಾಪಕರು ಕಟ್ಟಲಿಲ್ಲ, ಪ್ರಬಂಧ ಅಚ್ಚಾಗಲಿಲ್ಲ. ನೋಡಿ, ಗುಣಮಟ್ಟದ ವಿಷಯದಲ್ಲಿ ಅವರು ಎಷ್ಟು ಕಟ್ಟುನಿಟ್ಟು ಅಲ್ವಾ?