ಆಷಾಢದ ಗಾಳಿಯನ್ನೂ ಅಳೆಯಿರಿ

ನಮ್ಮೂರಿನ ಪಡುವಣ ಗುಡ್ಡದಲ್ಲಿ ಬೆಣಚುಕಲ್ಲಿನ (ಕ್ವಾರ್ಟ್ಜ್) ತೆರೆದ ಗಣಿ ಮಾಡುವ ಪ್ರಸ್ತಾವ ಬಂದಿದೆ. ಪರಿಸರ ಪರಿಣಾಮದ ಕರಡು ವರದಿಯೂ ಸಿದ್ಧವಾಗಿದೆ. ಈಗ ಊರಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ. ಗಣಿ ಬೇಕಾ, ಬೇಡವಾ? ಕಟ್ಟೆ ಮೇಲೂ ಅದೇ, ವಾಟ್ಸಾಪ್ ಗ್ರೂಪಿನಲ್ಲೂ ಅದೇ. ನನಗೆ ಅದಕ್ಕಿಂತ ಮೊದಲು ಉತ್ತರ ಬೇಕಾದ ಪ್ರಶ್ನೆ ಇನ್ನೊಂದಿದೆ. ಈ ವರದಿ ಯಾವ ತಿಂಗಳ ಗಾಳಿಯನ್ನು ಅಳೆದಿದೆ?

ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಗಾಳಿಯನ್ನು. ಬಾಗಲಕೋಟೆ ಕಡೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಆ ತಿಂಗಳುಗಳಲ್ಲಿ ನಮ್ಮಲ್ಲಿ ಮೂಡಣ ಗಾಳಿ. ಬೀಸುವುದೂ ಮೆಲ್ಲಗೆ. ಗುಡ್ಡದ ಮೇಲೆ ಏಳುವ ಧೂಳು ಊರಿಗೆ ಬೆನ್ನು ಹಾಕಿ ಆಚೆಗೆ ಹೋಗುತ್ತದೆ. ವರದಿಯಲ್ಲಿರುವ ಗಾಳಿಯ ನಕ್ಷೆಯಲ್ಲೂ ಹಾಗೇ ಇದೆ, ಅದರಲ್ಲಿ ಸುಳ್ಳಿಲ್ಲ. ಆದರೆ ಜೂನ್ ಬಂತೆಂದರೆ ಗಾಳಿ ತಿರುಗುತ್ತದೆ. ಪಡುವಣದಿಂದ ನೇರವಾಗಿ ಊರ ಮೇಲೆ ಹೊಡೆಯುತ್ತದೆ. ನಮ್ಮ ಭಾಗದ ಗಾಳಿಯಂತ್ರಗಳು ವರ್ಷದಲ್ಲಿ ಜಾಸ್ತಿ ಕರೆಂಟ್ ಕೊಡುವುದೇ ಆ ತಿಂಗಳುಗಳಲ್ಲಿ. ಪಕ್ಕದ ಮನೆಯ ಕಾಕಾ ನಕ್ಷೆ ನೋಡಿ ಕೇಳಿದ್ದು ಇಷ್ಟೇ: "ಆಷಾಢದಾಗ ಇವರು ಯಾರೂ ಬಂದಿಲ್ಲೇನ್ರಿ ಇಲ್ಲಿಗೆ?"

ಬಂದಿಲ್ಲ. ಬರಬೇಕೆಂಬ ಕಡ್ಡಾಯವೂ ಇಲ್ಲ. ಪರಿಸರ ಅನುಮತಿಯ ಇಡೀ ಪ್ರಕ್ರಿಯೆ ನಡೆಯುವುದು ಕೇಂದ್ರ ಸರ್ಕಾರದ 2006ರ ಸೆಪ್ಟೆಂಬರ್ 14ರ ಅಧಿಸೂಚನೆಯ ಮೇಲೆ. ಗಣಿಯ ವಿಷಯದಲ್ಲಿ ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿ ಕೊಟ್ಟರೆ ಸಾಕು ಎನ್ನುವುದು ಈಗ ರೂಢಿಯಾಗಿಬಿಟ್ಟಿದೆ. ಮಳೆಗಾಲದಲ್ಲಿ ಧೂಳು ಅಡಗಿರುತ್ತದೆ, ಆಗ ಅಳೆದರೆ ಧೂಳು ಕಡಿಮೆ ಕಾಣುತ್ತದೆ ಎಂಬುದು ಅದರ ಹಿಂದಿನ ಲೆಕ್ಕ. ಘಟ್ಟದ ಕಡೆ ಆ ಲೆಕ್ಕ ಸರಿ. ನಮ್ಮದು ಮಳೆನೆರಳಿನ ಸೀಮೆ. ಇಡೀ ವರ್ಷಕ್ಕೆ ಬೀಳುವುದೇ 600 ಮಿಲಿಮೀಟರಿನ ಆಸುಪಾಸು. ಅದರಲ್ಲಿ ಒಳ್ಳೆಯ ಪಾಲು ಸೆಪ್ಟೆಂಬರಿಗೆ ಬರುತ್ತದೆ. ಜುಲೈನಲ್ಲಿ ಮೋಡ ಓಡುತ್ತವೆ, ಗಾಳಿ ಹೊಡೆಯುತ್ತದೆ, ಎಷ್ಟೋ ದಿನ ನೆಲ ಒಣಗಿಯೇ ಇರುತ್ತದೆ. ಎಲ್ಲಾ ಊರಿಗೂ ಹೊಂದಲಿ ಎಂದು ಮಾಡಿದ ರೂಢಿ ನಮ್ಮ ಊರಿಗೆ ಹೊಂದುವುದಿಲ್ಲ. ಹೊಂದದಿದ್ದಾಗ ಹೆಚ್ಚಿನ ಅಧ್ಯಯನ ಕೇಳುವ ಅಧಿಕಾರ ಅನುಮತಿಯ ಅರ್ಜಿ ಪರಿಶೀಲಿಸುವ ತಜ್ಞರ ಸಮಿತಿಗೆ ಇದೆ. ಅವರು ಕೇಳುವಂತೆ ಮಾಡುವುದು ನಮ್ಮ ಕೆಲಸ.

ಧೂಳು ಅಂದರೆ ಧೂಳು, ಹೊಲದಲ್ಲಿ ಏಳುವುದಿಲ್ಲವಾ ಎಂದು ಕೆಲವರು ಕೇಳುತ್ತಿದ್ದಾರೆ. ಏಳುತ್ತದೆ. ಆದರೆ ಬೆಣಚುಕಲ್ಲಿನ ಧೂಳು ಬೇರೆ. ಆ ಕಲ್ಲು ಹೆಚ್ಚುಕಡಿಮೆ ಪೂರ್ತಿ ಸಿಲಿಕಾ ಎಂಬ ಖನಿಜ. ಕಲ್ಲು ಒಡೆದಾಗ, ಪುಡಿ ಮಾಡಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಗಾಳಿಗೆ ಸೇರುತ್ತವೆ. ಅವು ಮೂಗು, ಗಂಟಲು ದಾಟಿ ಪುಪ್ಪುಸದ ಕೊನೆಯ ಗಾಳಿಚೀಲಗಳವರೆಗೆ ಹೋಗಿ ಕೂರುತ್ತವೆ. ಅಲ್ಲಿ ಗಾಯ, ಗಾಯದ ಮೇಲೆ ಕಲೆ. ವರ್ಷಗಳು ಹೋದಂತೆ ಪುಪ್ಪುಸ ಗಟ್ಟಿಯಾಗುತ್ತದೆ. ಇದಕ್ಕೆ ಸಿಲಿಕೋಸಿಸ್ ಅನ್ನುತ್ತಾರೆ. ಇದನ್ನು ವಾಸಿ ಮಾಡುವ ಔಷಧಿ ಇಲ್ಲ. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ಬೇಗ ಅಂಟುತ್ತದೆ. ಈ ಧೂಳು ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1997ರಲ್ಲೇ ಹೇಳಿದೆ.

ಹಾಗಾದರೆ ವರದಿ ನಮ್ಮ ಊರಿನ ಗಾಳಿಯಲ್ಲಿ ಸಿಲಿಕಾ ಎಷ್ಟಿದೆ, ಗಣಿ ಬಂದಮೇಲೆ ಎಷ್ಟಾಗುತ್ತದೆ ಎಂದು ಹೇಳಬೇಕಲ್ವಾ? ಹೇಳಿಲ್ಲ. ದೇಶದ ಗಾಳಿ ಗುಣಮಟ್ಟದ ಮಾನದಂಡ 2009ರದ್ದು. ಅದರಲ್ಲಿ 12 ಮಾಲಿನ್ಯಕಾರಕಗಳಿವೆ. ಪಿಎಂ 10 (10 ಮೈಕ್ರಾನ್‌ವರೆಗಿನ ಸಣ್ಣ ಧೂಳಿನ ಕಣ) ಇದೆ, ಇನ್ನೂ ಸಣ್ಣ ಕಣದ ಪಿಎಂ 2.5 ಇದೆ, ಸೀಸ ಇದೆ, ಆರ್ಸೆನಿಕ್ ಇದೆ. ಸಿಲಿಕಾ ಇಲ್ಲ. ಗಣಿಯ ಒಳಗೆ ದುಡಿಯುವವರಿಗೆ ಒಂದು ಮಿತಿ ಇದೆ. ಬೇಲಿ ಆಚೆ ಇರುವ ಶಾಲೆಯ ಮಕ್ಕಳಿಗೆ, ಬಾಣಂತಿಯರಿಗೆ, ಮುದುಕರಿಗೆ ಮಿತಿಯೇ ಇಲ್ಲ. ಹಾಗಾಗಿ ವರದಿ ಪಿಎಂ 10 ಅಳೆದು, 24 ಗಂಟೆಯ ಸರಾಸರಿ ಘನಮೀಟರಿಗೆ 100 ಮೈಕ್ರೋಗ್ರಾಂ ಒಳಗೇ ಇದೆ, ಎಲ್ಲ ಸುರಕ್ಷಿತ ಎಂದು ಮುಗಿಸುತ್ತದೆ. ಆ ಪಿಎಂ 10ರಲ್ಲಿ ಮಸಾರಿ ಮಣ್ಣೆಷ್ಟು, ಒಲೆಯ ಹೊಗೆಯೆಷ್ಟು, ಬೆಣಚಿನ ಪುಡಿಯೆಷ್ಟು? ಅದು ಬೇಡವೇ? ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಸಾಮಾನ್ಯ ಜನ ಬಹುಕಾಲ ಉಸಿರಾಡುವ ಗಾಳಿಗೆ 2005ರಲ್ಲೇ ಒಂದು ಸುರಕ್ಷತಾ ಮಟ್ಟ ಗೊತ್ತು ಮಾಡಿತು. ಪುಪ್ಪುಸ ಸೇರುವಷ್ಟು ಸಣ್ಣ ಸಿಲಿಕಾ ಘನಮೀಟರಿಗೆ 3 ಮೈಕ್ರೋಗ್ರಾಂ. 100 ಎಲ್ಲಿ, 3 ಎಲ್ಲಿ? ನಮ್ಮ ಕಾನೂನಿನಲ್ಲಿ ಇಲ್ಲ ಎಂದ ಮಾತ್ರಕ್ಕೆ ಅಳೆಯಬಾರದು ಎಂದೇನಿಲ್ಲ. ತಕ್ಕ ಫಿಲ್ಟರಿನಲ್ಲಿ ಧೂಳು ಹಿಡಿದು ಲ್ಯಾಬಿಗೆ ಕಳಿಸಿ ಸಿಲಿಕಾ ಪ್ರಮಾಣ ತೆಗೆಸಬಹುದು.

ಇಲ್ಲಿ ನಮ್ಮ ಹುಡುಗರ ಮಾತು ಬರುತ್ತದೆ. ಕೆಲಸ ಬರುತ್ತದೆ, ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋಗುವುದು ತಪ್ಪುತ್ತದೆ ಎನ್ನುತ್ತಿದ್ದಾರೆ. ಆ ಆಸೆಯನ್ನು ನಾನು ಸುಮ್ನೆ ತಳ್ಳಿಹಾಕುವುದಿಲ್ಲ. ಮಳೆ ಕೈಕೊಟ್ಟ ವರ್ಷ ಈ ಊರುಗಳು ಅರ್ಧ ಖಾಲಿಯಾಗುತ್ತವೆ. ಹಬ್ಬಕ್ಕೆ ಬಂದ ಮಗ ಮತ್ತೆ ಬಸ್ ಹತ್ತುವಾಗ ತಾಯಂದಿರ ಮುಖ ಹೇಗಿರುತ್ತದೆ ಎಂದು ನಮಗೆಲ್ಲ ಗೊತ್ತು. ಆದರೆ ಆ ಹುಡುಗರು ಗೋಧ್ರಾದ ಕಥೆ ಕೇಳಬೇಕು. ಮಧ್ಯಪ್ರದೇಶದ ಅಲಿರಾಜಪುರ, ಝಾಬುವಾ, ಧಾರ್ ಜಿಲ್ಲೆಗಳ ಆದಿವಾಸಿ ಜನ ಗುಜರಾತಿನ ಗೋಧ್ರಾ ಕಡೆಯ ಬೆಣಚುಕಲ್ಲು ಪುಡಿ ಮಾಡುವ ಕಾರ್ಖಾನೆಗಳಿಗೆ ದುಡಿಯಲು ಹೋದರು. ಅವರೂ ಬರ ಬಂದಾಗ ಊರು ಬಿಟ್ಟವರೇ. ಕೆಲವೇ ವರ್ಷದಲ್ಲಿ ಉಸಿರಾಡಲಾಗದೆ ಮರಳಿದರು. ಸತ್ತ 238 ಜನರ ಮನೆಯವರಿಗೆ ತಲಾ 3 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2010ರಲ್ಲಿ ಹೇಳಿತು. ಹಣ ಕೊಡಿ ಎಂದು ಸುಪ್ರೀಂ ಕೋರ್ಟ್ ಆದೇಶ ಮಾಡಬೇಕಾಗಿ ಬಂದಿದ್ದು 2016ರಲ್ಲಿ. ಆಸ್ಟ್ರೇಲಿಯಾದಲ್ಲಿ ಬೆಣಚಿನ ಪುಡಿಯಿಂದ ಮಾಡಿದ ಅಡುಗೆಮನೆ ಕಟ್ಟೆಯ ಹಲಗೆಗಳನ್ನು 2024ರ ಜುಲೈ 1ರಿಂದ ನಿಷೇಧಿಸಿದ್ದಾರೆ. ಅವನ್ನು ಕತ್ತರಿಸುವ ಚಿಕ್ಕ ವಯಸ್ಸಿನ ಕೆಲಸಗಾರರ ಪುಪ್ಪುಸ ಹಾಳಾಗುತ್ತಿದ್ದದ್ದೇ ಕಾರಣ.

ನೀರು ಚಿಮುಕಿಸುತ್ತಾ ಕೊರೆದರೆ, ಕ್ರಶರ್ ಮುಚ್ಚಿಟ್ಟರೆ, ಒಳ್ಳೆಯ ಮಾಸ್ಕ್ ಕೊಟ್ಟರೆ ಅಪಾಯ ತುಂಬಾ ಕಡಿಮೆಯಾಗುತ್ತದೆ, ನಿಜ. ಹಾಗಾದರೆ ಆ ನೀರು ಎಲ್ಲಿಂದ? ದಿನಕ್ಕೆ ಎಷ್ಟು ಟ್ಯಾಂಕರ್? ಬೇಸಿಗೆಯಲ್ಲಿ ನಮಗೇ ಟ್ಯಾಂಕರ್ ಬರುವ ಊರಲ್ಲಿ ಗುಡ್ಡಕ್ಕೆ ಯಾವ ಬೋರಿನ ನೀರು? ವರದಿಯಲ್ಲಿ "ಹತ್ತಿರದ ಮೂಲಗಳಿಂದ" ಎಂದಿದೆ. ಹತ್ತಿರದ ಮೂಲ ಅಂದರೆ ನಾವೇ.

ಇನ್ನೊಂದು ಬೇಡಿಕೆ ಈಗಲೇ ಇಡಬೇಕು. ಗಣಿ ಶುರುವಾಗುವ ಮೊದಲೇ ಸುತ್ತಲಿನ ಊರುಗಳ ಜನರ ಎದೆಯ ಎಕ್ಸ್‌ರೇ, ಉಸಿರಾಟದ ಪರೀಕ್ಷೆ ಆಗಬೇಕು. ಇಲ್ಲದಿದ್ದರೆ ಹತ್ತು ವರ್ಷದ ಮೇಲೆ ಯಾರಾದರೂ ಕೆಮ್ಮುತ್ತಾ ಹೋದಾಗ ಸಿಗುವ ಉತ್ತರ ಗೊತ್ತಿದ್ದದ್ದೇ. ಬೀಡಿ ಸೇದುತ್ತಿದ್ದ, ಮೊದಲೇ ಟಿ.ಬಿ. ಇತ್ತು, ಒಲೆ ಹೊಗೆಯಿಂದ ಹೀಗಾಗಿದೆ. ಮೊದಲಿನ ಚಿತ್ರ ಇಲ್ಲದೆ ನಂತರದ ಚಿತ್ರ ಏನನ್ನೂ ಸಾಬೀತು ಮಾಡುವುದಿಲ್ಲ.

ಈಗ ಬಾವಿಗಳ ವಿಷಯ. ಗುಡ್ಡದ ಮೇಲೆ ಹೊಳೆ ಇಲ್ಲ, ಕೆರೆ ಇಲ್ಲ, ಆದ್ದರಿಂದ ನೀರಿನ ಮೇಲೆ ಪರಿಣಾಮ ಇಲ್ಲ ಎಂಬ ಧಾಟಿಯಲ್ಲಿ ಆ ಅಧ್ಯಾಯ ಬರೆದಿದ್ದಾರೆ. ಓದಿ ಬೇಸರವಾಯಿತು. ನಮ್ಮ ಗುಡ್ಡದ ಕಲ್ಲು ಎಷ್ಟು ಗಟ್ಟಿಯೆಂದರೆ ಕಲ್ಲಿನ ಮೈಯೊಳಗೆ ನೀರು ಇಳಿಯುವುದಿಲ್ಲ. ಇಳಿಯುವುದು ಬಿರುಕುಗಳಲ್ಲಿ. ಮೇಲೆ ಬಿದ್ದ ಮಳೆ ಆ ಬಿರುಕು ಹಿಡಿದು ಇಳಿದು, ಬುಡದ ಬಾವಿಗಳಲ್ಲಿ, ಹಳ್ಳದ ಒರತೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಗುಡ್ಡದ ಬುಡದ ಬಾವಿಗೆ ಶಿವರಾತ್ರಿವರೆಗೂ ನೀರು ನಿಲ್ಲುವುದು, ಅತ್ತ ಎರಿ ಹೊಲದ ಬಾವಿ ಬೇಗ ಬತ್ತುವುದು ಇದೇ ಕಾರಣಕ್ಕೆ. ಗಣಿಯ ಗುಂಡಿ ಅಂತರ್ಜಲ ಮಟ್ಟಕ್ಕಿಂತ ಕೆಳಗೆ ಹೋದರೆ ಸುತ್ತಲಿನ ಬಿರುಕುಗಳ ನೀರೆಲ್ಲ ಗುಂಡಿಗೆ ಇಳಿಯುತ್ತದೆ. ಅದನ್ನು ಪಂಪಿನಿಂದ ಹೊರಹಾಕಿದಷ್ಟೂ ಬಾವಿಗಳ ಮಟ್ಟ ಇಳಿಯುತ್ತದೆ. ಅಷ್ಟು ಆಳಕ್ಕೆ ಹೋಗದಿದ್ದರೂ ಮಳೆ ಇಂಗುವ ಗುಡ್ಡದ ನೆತ್ತಿಯೇ ಇರುವುದಿಲ್ಲ. ವರದಿಯವರು ನೀರಿನ ಸ್ಯಾಂಪಲ್ ಒಯ್ದು ಗಡಸುತನ, ಫ್ಲೋರೈಡ್ ಎಲ್ಲಾ ನೋಡಿದ್ದಾರೆ. ನೀರು ಎಲ್ಲಿಂದ ಬರುತ್ತದೆ ಎಂದು ನೋಡಿಲ್ಲ. ಬುಡದ ಪ್ರತಿ ಬಾವಿಯ ಮಟ್ಟವನ್ನು ಕಡುಬೇಸಿಗೆಯಲ್ಲೊಮ್ಮೆ, ಮಳೆ ಮುಗಿದ ಮೇಲೊಮ್ಮೆ ಅಳೆಯದೆ ಆ ಅಧ್ಯಾಯ ಪೂರ್ತಿಯಾಗುವುದಿಲ್ಲ.

ಹಿಂಗಾರಿ ಜೋಳದ ಬಗ್ಗೆ ಒಂದು ಸಾಲೂ ಇಲ್ಲ. ನಮ್ಮ ಬಿಳಿಜೋಳ ಚಳಿಗಾಲದ ಇಬ್ಬನಿಯಲ್ಲಿ, ನೆಲದ ಹಸಿಯಲ್ಲಿ ಬೆಳೆಯುವ ಬೆಳೆ. ಇಬ್ಬನಿ ಬಿದ್ದ ಎಲೆಗೆ ಧೂಳು ಬಿದ್ದರೆ ಅಂಟಿ ಕೂರುತ್ತದೆ, ತೊಳೆಯಲು ಮಳೆ ಬರುವುದಿಲ್ಲ. ಆ ಕಣಿಕೆಯನ್ನೇ ದನ ತಿನ್ನುವುದು. ಗಣಿಗೆ ಕೇಳಿರುವ ಜಾಗದಲ್ಲಿ ದನ, ಕುರಿ ಮೇಯುವ ಗಾಯರಾಣವೂ ಸೇರಿದೆ. ವರದಿಯಲ್ಲಿ ಅದು "ಬಂಜರು". ಕುರಿಗಾರರನ್ನು ಕೇಳಿ ನೋಡಿ, ಅದು ಬಂಜರಾ ಅಂತ. ಗುಡ್ಡಗಾಡಿನ ಪ್ರಾಣಿಗಳ ಪಟ್ಟಿಯಲ್ಲಿ ಮೊಲ, ನರಿ ಬಿಟ್ಟರೆ ಹೆಚ್ಚೇನಿಲ್ಲ. ಇದೇ ಜಿಲ್ಲೆಯಲ್ಲಿ ಚಿಂಕಾರ ಎಂಬ ಹುಲ್ಲೆಗೆಂದೇ ಯಡಹಳ್ಳಿಯಲ್ಲಿ ವನ್ಯಜೀವಿ ಧಾಮ ಇದೆ. ಚಿಂಕಾರ ನಕ್ಷೆಯ ಗೆರೆ ನೋಡಿ ಓಡಾಡುವುದಿಲ್ಲ. ಒಂದು ಋತುವಿನ ಸಮೀಕ್ಷೆಯಲ್ಲಿ ಕಾಣದಿದ್ದರೆ ಇಲ್ಲ ಎಂದು ಬರೆಯಲಾಗದು.

ಇನ್ನು ಬ್ಲಾಸ್ಟಿಂಗ್, ಅಂದರೆ ಮದ್ದಿಟ್ಟು ಕಲ್ಲು ಸಿಡಿಸುವುದು. ನೆಲ ಎಷ್ಟು ಕಂಪಿಸಬಹುದು ಎಂಬ ಗಣಿ ಸುರಕ್ಷತಾ ಇಲಾಖೆಯ 1997ರ ಮಿತಿಯಲ್ಲಿ ಕಚ್ಚಾ ಮನೆಗೂ ಇಟ್ಟಿಗೆ ಸಿಮೆಂಟಿನ ಮನೆಗೂ ಒಂದೇ ಅಳತೆ. ನಮ್ಮಲ್ಲಿ ಮಣ್ಣಿನ ಮಾಳಿಗೆ ಮನೆಗಳು ಇನ್ನೂ ಬೇಕಾದಷ್ಟಿವೆ. ಅವುಗಳ ಈಗಿನ ಸ್ಥಿತಿಯನ್ನು ಫೋಟೋ ಸಮೇತ ದಾಖಲಿಸದೆ ಗಣಿ ಶುರುವಾದರೆ ನಾಳೆ ಗೋಡೆ ಬಿರಿದಾಗ ಹಳೆಯ ಬಿರುಕು ಅನ್ನುತ್ತಾರೆ.

ಟಿಪ್ಪರ್ ಓಡಾಟವನ್ನು ಗಣಿಯ ಗೇಟಿನವರೆಗೆ ಮಾತ್ರ ಲೆಕ್ಕ ಹಾಕಿದ್ದಾರೆ. ವರ್ಷಕ್ಕೆ ಒಂದು ಲಕ್ಷ ಟನ್ ತೆಗೆದರೆ, 300 ದಿನ ಕೆಲಸ, ಗಾಡಿಗೆ 20 ಟನ್ ಅಂತ ಹಿಡಿಯಿರಿ. ದಿನಕ್ಕೆ ಸುಮಾರು 17 ಗಾಡಿ ತುಂಬಿ ಹೋಗಬೇಕು, 17 ಖಾಲಿ ಬರಬೇಕು. ಎಲ್ಲವೂ ಶಾಲೆಯ ಮುಂದಿನ ಅದೇ ಸಣ್ಣ ರಸ್ತೆಯಲ್ಲಿ.

ಕೊನೆಗೆ ಗುಂಡಿಯ ಮಾತು, ಇದನ್ನು ಎಲ್ಲರೂ ಗಮನ ಕೊಟ್ಟು ಓದಿ. ಬೆಣಚುಕಲ್ಲು 2015ರಿಂದ ಉಪಖನಿಜದ ಪಟ್ಟಿಯಲ್ಲಿತ್ತು, ಅಂದರೆ ರಾಜ್ಯದ ನಿಯಮದ ಕೆಳಗಿತ್ತು. 2025ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅದನ್ನು ಪ್ರಧಾನ ಖನಿಜ ಮಾಡಿದೆ. ಹಾಗಾಗಿ ಗಣಿ ಮುಚ್ಚುವ ಯೋಜನೆಗೆ ಈಗ ಕೇಂದ್ರದ ನಿಯಮ. ಯಂತ್ರ ಬಳಸುವ ಗಣಿ, ಬಳಸಿದ ಜಾಗದ ಪ್ರತಿ ಹೆಕ್ಟೇರಿಗೆ 5 ಲಕ್ಷ ರೂಪಾಯಿ ಭದ್ರತೆ ಇಡಬೇಕು. ಕಂಪನಿ ಮುಚ್ಚುವ ಕೆಲಸ ಮಾಡದೆ ಹೋದರೆ ಸರ್ಕಾರದ ಕೈಯಲ್ಲಿ ಉಳಿಯುವುದು ಅದೇ ಹಣ. ಈಗ ನೀವೇ ಲೆಕ್ಕ ಮಾಡಿ. ಒಂದು ಹೆಕ್ಟೇರ್ ಅಂದರೆ 10,000 ಚದರ ಮೀಟರ್. 20 ಮೀಟರ್ ಆಳ ತೋಡಿದರೆ 2 ಲಕ್ಷ ಘನಮೀಟರ್ ಗುಂಡಿ. ಅದನ್ನು ತುಂಬಲು ಇರುವ ಹಣ ಘನಮೀಟರಿಗೆ ಎರಡೂವರೆ ರೂಪಾಯಿ. ಎರಡೂವರೆ ರೂಪಾಯಿಗೆ ಒಂದು ಘನಮೀಟರ್ ಮಣ್ಣು ತಂದು ಸುರಿಯುವವರು ಈ ಜಿಲ್ಲೆಯಲ್ಲಿ ಯಾರಿದ್ದಾರೆ? ಗುಂಡಿ ಹಾಗೇ ಉಳಿಯುತ್ತದೆ. ಮಳೆ ನೀರು ನಿಲ್ಲುತ್ತದೆ, ಮಕ್ಕಳು ಈಜಲು ಹೋಗುತ್ತಾರೆ. ಹಳೆಯ ಕ್ವಾರಿ ಇರುವ ಊರಿನವರನ್ನು ಕೇಳಿದರೆ ಮುಂದಿನದನ್ನು ಅವರೇ ಹೇಳುತ್ತಾರೆ.

ಗಣಿಯೇ ಬೇಡ ಎಂದು ನಾನು ಇವತ್ತು ಹೇಳುತ್ತಿಲ್ಲ. ಗಾಜಿಗೆ, ಸೋಲಾರ್ ಫಲಕಕ್ಕೆ ಈ ಕಲ್ಲು ಬೇಕು, ಅದನ್ನು ಎಲ್ಲಿಂದಾದರೂ ತೆಗೆಯಲೇಬೇಕು. ಆದರೆ ಈ ವರದಿಯ ಮೇಲೆ ನಿರ್ಧಾರ ಆಗಬಾರದು. ಜೂನಿನಿಂದ ಮುಂದಿನ ಮೇವರೆಗೆ ಪೂರ್ತಿ ಹನ್ನೆರಡು ತಿಂಗಳು ಗಾಳಿ, ಸಿಲಿಕಾ, ಬಾವಿ ಅಳೆದ ಮೇಲೆ ಬನ್ನಿ, ಆಗ ಮಾತಾಡೋಣ. ವರದಿ ಮಾಡುವ ಸಂಸ್ಥೆಗೆ ಹಣ ಕೊಡುವುದು ಗಣಿ ಕಂಪನಿಯೇ. ವ್ಯವಸ್ಥೆಯೇ ಹಾಗಿರುವಾಗ ಪ್ರಶ್ನೆ ಕೇಳುವ ಕೆಲಸ ಊರಿನವರ ಮೇಲೇ ಬೀಳುತ್ತದೆ. ಪಕ್ಕದ ಗದಗಿನವರು ತಮ್ಮ ಗುಡ್ಡ ಉಳಿಸಲು ಗಣಿಗಾರಿಕೆ ವಿರುದ್ಧ ವರ್ಷಗಟ್ಟಲೆ ಪಟ್ಟು ಬಿಡದೆ ನಿಂತರು. ಅವರ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿ ಧಾಮವಾಯಿತು.

ಕರಡು ವರದಿಯ ಮೇಲೆ ಜನರ ಮಾತು ಕೇಳುವ ಸಾರ್ವಜನಿಕ ವಿಚಾರಣೆಗೆ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಲೇಬೇಕು. ವಿಚಾರಣೆಗೆ ಇಷ್ಟೇ ಜನ ಸೇರಬೇಕೆಂಬ ನಿಯಮ ಇಲ್ಲ. ನಾವು ಹತ್ತೇ ಜನ ಹೋದರೂ ಅದು ನಡೆದುಹೋಗುತ್ತದೆ, ಆದ್ದರಿಂದ ಎಲ್ಲರೂ ಬರಬೇಕು, ಹೆಣ್ಣುಮಕ್ಕಳು ಮುಖ್ಯವಾಗಿ. ನೀರು ಹೊರುವವರು ಅವರೇ. ಅಲ್ಲಿ ಸುಮ್ನೆ ಕೂಗಾಡಿದರೆ "ಜನ ವಿರೋಧಿಸಿದರು" ಎಂದು ಒಂದು ಸಾಲು ಬರೆದು ಮುಗಿಸುತ್ತಾರೆ. ಒಂದೊಂದೇ ಪ್ರಶ್ನೆಯನ್ನು ನಿಧಾನವಾಗಿ ಕೇಳಿದರೆ, ಬರವಣಿಗೆಯಲ್ಲೂ ಕೊಟ್ಟರೆ, ಅಂತಿಮ ವರದಿಯಲ್ಲಿ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ. ವಿಚಾರಣೆಗೆ ಬರಲಾಗದವರು ಮಾಲಿನ್ಯ ನಿಯಂತ್ರಣ ಮಂಡಳಿಗೆ ಪತ್ರ ಬರೆದರೂ ಲೆಕ್ಕಕ್ಕೆ ಬರುತ್ತದೆ.

ಕರಡು ವರದಿ ಜಿಲ್ಲಾಧಿಕಾರಿ ಕಚೇರಿಯಲ್ಲೂ ಪಂಚಾಯಿತಿಯಲ್ಲೂ ನೋಡಲು ಸಿಗುತ್ತದೆ, ಕನ್ನಡದ ಸಾರಾಂಶವೂ ಇದೆ. ಗುಡ್ಡದ ಬುಡದಲ್ಲಿ ಬಾವಿ, ಬೋರು ಇರುವವರು ಈ ವಾರ ಹಗ್ಗ ಇಳಿಬಿಟ್ಟು ನೀರಿನ ಮಟ್ಟ ಅಳೆದು, ತಾರೀಖು ಹಾಕಿ, ಫೋಟೋ ಸಮೇತ ಇಲ್ಲಿ ಕಾಮೆಂಟಿನಲ್ಲಿ ಹಾಕಿ. ಮನವಿಯ ಕರಡು ನಾನು ಬರೆಯುತ್ತಿದ್ದೇನೆ, ಬಾವಿಗಳ ಪಟ್ಟಿ ಅದಕ್ಕೆ ಸೇರಬೇಕು.