ರಸ್ತೆ ಬದಿಯ ಮಳೆನೀರು ಚರಂಡಿಗೆ ಚಪ್ಪಡಿ ಮುಚ್ಚಬೇಕೇ?

ಪರ: ನಡೆಯುವವರಿಗೂ ಜಾಗ ಬೇಕು

9 ಮೀಟರ್ ಅಗಲದ ಬೀದಿ ಎಂದಿಟ್ಟುಕೊಳ್ಳಿ. ಎರಡೂ ಬದಿಗೆ 60 ಸೆಂ.ಮೀ. ಒಳ ಅಗಲದ ಚರಂಡಿ, ಅದಕ್ಕೆ 15 ಸೆಂ.ಮೀ. ದಪ್ಪದ ಗೋಡೆಗಳು. ಅಲ್ಲಿಗೆ 1.8 ಮೀಟರ್ ಹೋಯಿತು. ಉಳಿದ 7.2 ಮೀಟರಿನಲ್ಲೇ ವಾಹನ ಓಡಬೇಕು, ನಿಲ್ಲಬೇಕು, ಜನರೂ ನಡೆಯಬೇಕು. ಚರಂಡಿಯ ಮೇಲೆ ಚಪ್ಪಡಿ ಕೂರಿಸಿದರೆ ಪ್ರತಿ ಬದಿಗೂ 90 ಸೆಂ.ಮೀ. ಫುಟ್‌ಪಾತ್ ಸಿಗುತ್ತದೆ. ಎರಡು ಗಾಲಿಕುರ್ಚಿಗಳು ಎದುರುಬದುರಾದರೆ ಅದು ಸಾಲದು, ಒಪ್ಪುತ್ತೇನೆ. ಏನೂ ಇಲ್ಲದ್ದಕ್ಕಿಂತ ವಾಸಿ.

ಎರಡನೆಯದು ಅಪಾಯ. ಜೋರು ಮಳೆಯಲ್ಲಿ ರಸ್ತೆಯೂ ಚರಂಡಿಯೂ ಒಂದೇ ಮಟ್ಟದ ಕೆಂಪು ನೀರಾದಾಗ ಅಂಚು ಎಲ್ಲಿ ಮುಗಿಯಿತೆಂದು ಯಾರಿಗೂ ಕಾಣದು. ರಭಸದ ನೀರು 15 ಸೆಂ.ಮೀ. ಇದ್ದರೂ ದೊಡ್ಡವರ ಕಾಲು ಕಿತ್ತುಬಿಡಬಲ್ಲದು. ಅಂಥ ಹೊತ್ತಿನಲ್ಲಿ ಪಕ್ಕದಲ್ಲೇ ಬಾಯ್ದೆರೆದ ಚರಂಡಿ ಇರಬಾರದು. ಇನ್ನು ತೆರೆದ ಚರಂಡಿ ಕಂಡರೆ ಕಸದ ಚೀಲ, ಒಡೆದ ಇಟ್ಟಿಗೆ, ಕಲಸಿ ಉಳಿದ ಕಾಂಕ್ರೀಟು ಎಲ್ಲವೂ ಅಲ್ಲಿಗೇ.

ಮುಚ್ಚುವುದಾದರೆ ಸರಿಯಾಗಿ ಮುಚ್ಚಬೇಕು. ಸ್ಥಳದಲ್ಲೇ ಸೆಂಟ್ರಿಂಗ್ ಕಟ್ಟಿ ಉದ್ದಕ್ಕೂ ಒಂದೇ ಹಾಸಾಗಿ ಕಾಂಕ್ರೀಟ್ ಸುರಿಯುವುದು ತಪ್ಪು. 90 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲ, 10 ಸೆಂ.ಮೀ. ದಪ್ಪದ ಪ್ರಿಕಾಸ್ಟ್ (ಬೇರೆಡೆ ಮೊದಲೇ ಎರಕ ಹೊಯ್ದು ತಂದ) ಚಪ್ಪಡಿ ಸುಮಾರು 112 ಕಿಲೋ ತೂಗುತ್ತದೆ. ಎತ್ತುಕೊಕ್ಕೆ ಇದ್ದರೆ ನಾಲ್ವರು ಸರಾಗವಾಗಿ ತೆಗೆದಿಡಬಹುದು. ಗೇಟಿನ ಎದುರು, ವಾಹನ ಹತ್ತುವ ಕಡೆ ಮಾತ್ರ ದಪ್ಪವನ್ನೂ ಕಂಬಿಯನ್ನೂ ಚಕ್ರದ ಭಾರಕ್ಕೆ ಲೆಕ್ಕ ಹಾಕಬೇಕು. ನೀರು ಇಳಿಯಲು ಹಾಕುವ ಜಾಲರಿಯಲ್ಲೂ ತಾಳುವ ಭಾರಕ್ಕೆ ತಕ್ಕ ದರ್ಜೆಗಳಿವೆ: ಯುರೋಪಿನ ಮಾನದಂಡದಲ್ಲಿ ಫುಟ್‌ಪಾತಿಗೆ ಬಿ125, ವಾಹನ ಓಡುವ ರಸ್ತೆಗೆ ಡಿ400. ಬಿ125 ಜಾಲರಿಯನ್ನು ಲಾರಿ ಹಾಯುವ ಕಡೆ ಇಟ್ಟು ಅದು ಬಾಗಿದ ಮೇಲೆ ಜಾಲರಿಯನ್ನು ದೂರಿ ಪ್ರಯೋಜನವಿಲ್ಲ.

ಹೂಳಿನ ಪ್ರಶ್ನೆ ಬಂದೇ ಬರುತ್ತದೆ. ಅದು ನಿರ್ವಹಣೆಯ ವಿಷಯ, ವಿನ್ಯಾಸದ್ದಲ್ಲ. ಅಲ್ಲಲ್ಲಿ ತಳಮಟ್ಟಕ್ಕಿಂತ 30 ಸೆಂ.ಮೀ. ಆಳದ ಹೂಳುಗುಂಡಿ ಬಿಟ್ಟು ಅದರ ಮೇಲಿನ ಚಪ್ಪಡಿಗೆ ಗುರುತು ಹಾಕಿದರೆ ಕೆಲಸ ನಡೆಯುತ್ತದೆ. ನಡೆಸುವವರು ಇರಬೇಕು, ಅಷ್ಟೆ.

ವಿರೋಧ: ಕಾಣದ ಚರಂಡಿಯನ್ನು ಯಾರೂ ತೊಳೆಯುವುದಿಲ್ಲ

ಪರ ವಾದ ಓದಿದರೆ ಚರಂಡಿ ಕಟ್ಟುವುದೇ ಅದರ ಮೇಲೆ ನಡೆಯಲಿಕ್ಕೆ ಎನಿಸುತ್ತದೆ. ಚರಂಡಿಯ ಕೆಲಸ ನೀರು ಸಾಗಿಸುವುದು. ಅಲ್ಲಿಂದಲೇ ಲೆಕ್ಕ ಶುರುವಾಗಲಿ.

2 ಹೆಕ್ಟೇರ್ ಪ್ರದೇಶ, ಬಹುಪಾಲು ತಾರಸಿ ಮತ್ತು ಡಾಂಬರು. ಹರಿವಿನ ಗುಣಾಂಕ, ಅಂದರೆ ಬಿದ್ದ ಮಳೆಯಲ್ಲಿ ಇಂಗದೆ ಹರಿದು ಬರುವ ಪಾಲು, 0.8. ಗಂಟೆಗೆ 60 ಮಿ.ಮೀ. ದರದ ಮಳೆ. ಮೂರನ್ನೂ ಗುಣಿಸಿ 360ರಿಂದ (ಹೆಕ್ಟೇರ್, ಮಿ.ಮೀ., ಗಂಟೆಯ ಲೆಕ್ಕವನ್ನು ಘನ ಮೀಟರ್, ಸೆಕೆಂಡಿಗೆ ತರುವ ಅಂಕ) ಭಾಗಿಸಿದರೆ ಸೆಕೆಂಡಿಗೆ 0.267 ಘನ ಮೀಟರ್ ನೀರು. ಇದಕ್ಕೆ 60 ಸೆಂ.ಮೀ. ಅಗಲದ, 50 ಸೆಂ.ಮೀ. ನೀರು ಹರಿಯುವ, 300ಕ್ಕೆ 1ರ ಇಳಿಜಾರಿನ ಕಾಂಕ್ರೀಟ್ ಚರಂಡಿ ಧಾರಾಳ ಸಾಕು. ಕಾಂಕ್ರೀಟ್ ಮೈಯ ಒರಟುತನದ ಅಂಕ 0.015 ಹಿಡಿದರೆ, ಕಾಲುವೆಯ ಹರಿವನ್ನು ಲೆಕ್ಕ ಹಾಕುವ ಮ್ಯಾನಿಂಗ್ ಸೂತ್ರದಲ್ಲಿ ಸೆಕೆಂಡಿಗೆ 0.378 ಘನ ಮೀಟರ್ ಬರುತ್ತದೆ. ಈಗ ತಳದಲ್ಲಿ 15 ಸೆಂ.ಮೀ. ಹೂಳು ಕೂರಿಸಿ. ಸಾಮರ್ಥ್ಯ 0.24ಕ್ಕೆ ಇಳಿಯಿತು. ಹೂಳಿನ ಮೈ ಕಾಂಕ್ರೀಟಿಗಿಂತ ಒರಟಾದ್ದರಿಂದ ನಿಜದಲ್ಲಿ ಇನ್ನೂ ಕಡಿಮೆ. ಒಂದು ಗೇಣಿಗೂ ಕಡಿಮೆ ಕೆಸರು ಸೇರಿದರೆ ಸಾಕು, ಧಾರಾಳವಾಗಿದ್ದ ಚರಂಡಿ ಸಾಲದಾಗುತ್ತದೆ. ಈ ಕೆಸರು ತೆರೆದ ಚರಂಡಿಯಲ್ಲಿ ದಾರಿಹೋಕರಿಗೂ ಕಾಣುತ್ತದೆ. ಚಪ್ಪಡಿಯ ಕೆಳಗಿದ್ದರೆ ರಸ್ತೆ ಮುಳುಗಿದ ದಿನ ಗೊತ್ತಾಗುತ್ತದೆ. ಇದನ್ನು ನಿರ್ವಹಣೆಯ ವಿಷಯ ಎಂದು ಬದಿಗೆ ತಳ್ಳಲಾಗದು. ತೊಳೆಯಲು ಬಾರದಂತೆ ಕಟ್ಟುವುದು ವಿನ್ಯಾಸದ ತಪ್ಪೇ.

ಇನ್ನೊಂದು ಪೆಟ್ಟು ಚಪ್ಪಡಿಯಿಂದಲೇ ಬೀಳುತ್ತದೆ. 60 ಸೆಂ.ಮೀ. ಚೌಕದ ಚರಂಡಿಯಲ್ಲಿ ನೀರು ಅಂಚಿನವರೆಗೆ ತುಂಬಿದಾಗ ಮೂರು ಮೈಗಳಿಗೆ ಉಜ್ಜುತ್ತದೆ. ಚಪ್ಪಡಿಯ ತಳಕ್ಕೆ ತಾಗಿದ ಕೂಡಲೇ ನಾಲ್ಕನೆಯ ಮೈಯೂ ಸೇರಿ ಹರಿವು ಸುಮಾರು ಆರನೇ ಒಂದು ಪಾಲು ಕುಗ್ಗುತ್ತದೆ, ಅದೂ ಅತಿ ಹೆಚ್ಚು ನೀರು ಬರುವ ಗಳಿಗೆಯಲ್ಲಿ.

ಅಷ್ಟು ನೀರು ಒಳಗೆ ಇಳಿದರೆ ತಾನೇ? ತೆರೆದ ಚರಂಡಿಗೆ ರಸ್ತೆಯ ನೀರು ಉದ್ದಕ್ಕೂ ಬೀಳುತ್ತದೆ. ಮುಚ್ಚಿದ ಮೇಲೆ 20 ಮೀಟರಿಗೊಂದು 50 ಸೆಂ.ಮೀ. ಕಿಂಡಿ ಬಿಟ್ಟರೆ ಬಾಯಿ ನಲವತ್ತನೇ ಒಂದು ಪಾಲಾಯಿತು. ಅದಕ್ಕೆ ಜಾಲರಿ ಹಾಕಿದರೆ ಮೊದಲ ಮಳೆಯ ಎಲೆ, ಪ್ಲಾಸ್ಟಿಕ್ ಹಾಳೆ ಬಂದು ಕೂರುತ್ತವೆ. ರಸ್ತೆಯ ತಗ್ಗಿನಲ್ಲಿರುವ ಜಾಲರಿ ಅರ್ಧ ಕಟ್ಟಿಕೊಂಡಿರುತ್ತದೆಂದು ವಿನ್ಯಾಸಕಾರರೇ ಹಿಡಿದುಕೊಳ್ಳುವುದುಂಟು. ಕರ್ಬಿನ, ಅಂದರೆ ರಸ್ತೆಯಂಚಿನ ಎತ್ತರದ ಕಲ್ಲಿನ, ಮೈಯಲ್ಲಿ ಬಿಟ್ಟ ಕಿಂಡಿ ಅಷ್ಟು ಬೇಗ ಕಟ್ಟುವುದಿಲ್ಲ, ಆದರೆ ಇಳಿಜಾರು ರಸ್ತೆಯಲ್ಲಿ ನೀರು ಅದನ್ನು ಸವರಿಕೊಂಡು ಮುಂದೆ ಓಡುತ್ತದೆ. ಬಾಯಿಯ ಮುಂದೆ 5 ಸೆಂ.ಮೀ. ತಗ್ಗು ಕೊಡಬೇಕು. ಆ ತಗ್ಗೇ ಮುಂದಿನ ಡಾಂಬರೀಕರಣದಲ್ಲಿ ಮುಚ್ಚಿಹೋಗುತ್ತದೆ. ಹಳೆಯ ಪದರ ಕೆರೆದು ತೆಗೆಯದೆ ಪ್ರತಿ ಸಲ 4 ಸೆಂ.ಮೀ. ಹೊಸ ಪದರ ಎಳೆದರೆ ಮೂರನೇ ಸಲಕ್ಕೆ 12 ಸೆಂ.ಮೀ. ಎತ್ತರದ ಕಿಂಡಿ ಹೆಸರಿಗೂ ಉಳಿಯದು. (ತೆರೆದ ಚರಂಡಿಯಲ್ಲೂ ಗೋಡೆಯನ್ನು ರಸ್ತೆಗಿಂತ ಎತ್ತರಕ್ಕೆ ಕಟ್ಟಿ ನೀರನ್ನು ಹೊರಗೇ ನಿಲ್ಲಿಸುವ ಮೇಸ್ತ್ರಿಗಳಿದ್ದಾರೆ. ಅಲ್ಲಿ ಗೋಡೆಯ ತಲೆಯನ್ನು 2 ಸೆಂ.ಮೀ. ಕೆಳಗಿಡಿಸಿದರೆ ಮುಗಿಯಿತು.)

ನಾಲ್ವರು ಎತ್ತುವ 112 ಕಿಲೋ ಚಪ್ಪಡಿ ಕಾಗದದಲ್ಲಿ ಚೆಂದ. 100 ಮೀಟರಿಗೆ 200 ಚಪ್ಪಡಿ. ಎತ್ತುಕೊಕ್ಕೆ ತುಕ್ಕು ಹಿಡಿದು ಉದುರುತ್ತದೆ, ಸಂದಿಗೆ ಸಿಮೆಂಟು ಮೆತ್ತುತ್ತಾರೆ, ಮೇಲೆ ಟೈಲ್ಸ್ ಬರುತ್ತದೆ, ಟೈಲ್ಸಿನ ಮೇಲೆ ಕೇಬಲ್ ಪೆಟ್ಟಿಗೆ ಬರುತ್ತದೆ. ಆಮೇಲೆ ಹೂಳು ತೆಗೆಯುವುದೆಂದರೆ ಬ್ರೇಕರ್ ತಂದು ಒಡೆಯುವುದೇ. ಯಾವ ಮನೆಯ ಶೌಚದ ಕೊಳವೆ ಒಳಗೊಳಗೇ ಸೇರಿದೆಯೋ, ಯಾವ ನೀರಿನ ಪೈಪು ಗೋಡೆ ಕೊರೆದು ಅಡ್ಡ ಹಾದು ಕಸ ಹಿಡಿಯುತ್ತಿದೆಯೋ ಅದೂ ಕಾಣದು. ಮಲಿನ ನೀರು ನಿಂತ ಮುಚ್ಚಿದ ಜಾಗದಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಸೇರುತ್ತದೆ. ಅದರ ಪ್ರಮಾಣ ಹೆಚ್ಚಾದಾಗ ಮೂಗು ವಾಸನೆ ಹಿಡಿಯುವುದನ್ನೇ ನಿಲ್ಲಿಸುತ್ತದೆ. ವಾಸನೆ ಇಲ್ಲವೆಂದು ಇಳಿದವರು ಮೇಲೆ ಬರುವುದಿಲ್ಲ. ಅಪಾಯದ ಮಾತಾಡುವವರು ಈ ಅಪಾಯವನ್ನೂ ಎಣಿಸಲಿ.

ಜನ ಬೀಳುತ್ತಾರೆ ಎಂದರೆ ಅಂಚಿಗೆ 1 ಮೀಟರ್ ಎತ್ತರದ ಕಂಬಿಬೇಲಿ ಹಾಕಿ. ದಾಟಲು ಗೇಟಿನ ಎದುರು 3 ಮೀಟರ್ ಉದ್ದಕ್ಕೆ ಗಟ್ಟಿ ಚಪ್ಪಡಿ ಸಾಕು. ಅದರ ಎರಡೂ ತುದಿಯಿಂದ ಉದ್ದನೆಯ ಸಲಿಕೆ ಒಳಗೆ ಹೋಗುತ್ತದೆ. ಮುಚ್ಚಲೇಬೇಕೆಂಬ ಹಟವಿದ್ದರೆ, ಕೆಳತುದಿಯಿಂದ ಮೇಲಕ್ಕೆ ಚರಂಡಿ ಕಟ್ಟಿ ಮುಗಿಸಿ, ಒಂದು ಮಳೆಗಾಲ ತೆರೆದೇ ಬಿಡಿ. ನೀರು ಎಲ್ಲಿ ನಿಲ್ಲುತ್ತದೆ, ತಳ ಎಲ್ಲಿ ಉಬ್ಬಿದೆ ಎಂಬುದನ್ನು ನೋಡಿ ಸರಿಪಡಿಸಿದ ಮೇಲಷ್ಟೇ ಚಪ್ಪಡಿಗೆ ಕೈ ಹಾಕಿ.