ಇಳಿಜಾರು ಮೊದಲು, ಇಸವಿ ಆಮೇಲೆ

ಜರ್ಮನಿಯ ಮೈನ್ಸ್ ನಗರದಲ್ಲಿ ಸಂಸಾರ ಹೂಡಿದ ಮೇಲೆ, ಊರಿನಿಂದ ಬರುವ ನೆಂಟರಿಷ್ಟರಿಗೆ ವೈನ್ ಆರಿಸಿಕೊಡುವ ಕೆಲಸ ತಾನಾಗಿಯೇ ನನ್ನ ಪಾಲಿಗೆ ಬಂದಿದೆ. ಬಾಟಲಿಯನ್ನು ಕೈಗೆತ್ತಿಕೊಂಡ ಕೂಡಲೇ ಅವರಲ್ಲಿ ಹೆಚ್ಚಿನವರು ಹುಡುಕುವುದು ಇಸವಿಯನ್ನು, ಎಂದರೆ ದ್ರಾಕ್ಷಿ ಕೊಯ್ದ ವರ್ಷವನ್ನು. ಹಳೆಯದಾದರೆ ಉತ್ತಮ, ಹೊಸದಾದರೆ ಸಾಧಾರಣ ಎಂಬ ತೀರ್ಮಾನ ಅಷ್ಟರಲ್ಲೇ ಆಗಿಹೋಗಿರುತ್ತದೆ. ಇಲ್ಲಿನ ಬೆಳೆಗಾರರ ಕ್ರಮ ಇದಕ್ಕೆ ತಿರುಗುಮುರುಗು. ದ್ರಾಕ್ಷಿ ಯಾವ ಊರಿನದು, ಆ ಊರಿನ ಯಾವ ಇಳಿಜಾರಿನದು, ಬೆಳೆದವರು ಯಾರು ಎಂಬ ಪ್ರಶ್ನೆಗಳು ಮೊದಲು ಬರುತ್ತವೆ, ಇಸವಿಯ ಮಾತು ಅನಂತರ. ನನಗೆ ಈ ಕ್ರಮವೇ ಸರಿಯೆನಿಸಿದೆ. ಆದರೆ ಹುಣಸೆಹಣ್ಣು ಮತ್ತು ಒಣಮೆಣಸಿನಕಾಯಿ ಬಳಸುವ ನಮ್ಮ ಅಡುಗೆಮನೆಯ ದೃಷ್ಟಿಯಿಂದ ಅದಕ್ಕೊಂದು ಸಣ್ಣ ತಿದ್ದುಪಡಿ ಬೇಕು ಎಂದೂ ಅನಿಸಿದೆ.

ಮೋಸೆಲ್ ನದಿಯ ದಂಡೆಯ ಪೀಸ್‌ಪೋರ್ಟ್ ಊರಿನ ಉದಾಹರಣೆಯನ್ನೇ ನೋಡಬಹುದು. ನದಿ ಅಲ್ಲಿ ದೊಡ್ಡದಾಗಿ ಬಳಸಿ ಹರಿಯುತ್ತದೆ. ಆ ತಿರುವಿನಲ್ಲಿ ದಕ್ಷಿಣಕ್ಕೆ ಮುಖಮಾಡಿದ ಕಡಿದಾದ ಗುಡ್ಡದ ಮೈಮೇಲೆ ಗೋಲ್ಡ್‌ಟ್ರೋಪ್ಶೆನ್ ಎಂಬ ತೋಟವಿದೆ. ನೆಲದ ತುಂಬ ಪದರುಪದರಾದ ಸ್ಲೇಟ್ ಕಲ್ಲು. ಹಗಲಿಡೀ ಬಿಸಿಲನ್ನು ಹೀರಿದ ಆ ಕಲ್ಲು ರಾತ್ರಿಯಲ್ಲಿ ಅದನ್ನು ಬಳ್ಳಿಗೆ ಮರಳಿಸುವುದರಿಂದಲೇ ಇಷ್ಟು ಉತ್ತರದ ಚಳಿಯ ಸೀಮೆಯಲ್ಲಿ ನಿಧಾನವಾಗಿ ಮಾಗುವ ರೀಸ್ಲಿಂಗ್ ತಳಿಯ ಹಣ್ಣು ಪಕ್ವವಾಗುತ್ತದೆ. ಆದರೆ ಅಂಗಡಿಯಲ್ಲಿ ‘ಪೀಸ್‌ಪೋರ್ಟರ್ ಮಿಶೆಲ್ಸ್‌ಬೆರ್ಗ್’ ಎಂಬ ಇನ್ನೊಂದು ಬಾಟಲಿಯೂ ಇರುತ್ತದೆ. ಹೆಸರು ಕೇಳಿದರೆ ಇದೂ ಒಂದು ತೋಟವೇ ಎನ್ನಬೇಕು. ವಾಸ್ತವದಲ್ಲಿ ಸುತ್ತಲಿನ ಹಲವು ಊರುಗಳ, ಸಮತಟ್ಟಾದ ಹೊಲಗಳನ್ನೂ ಒಳಗೊಂಡ ಒಂದು ವಿಸ್ತಾರವಾದ ಪ್ರದೇಶದ ಹೆಸರು ಅದು. ದ್ರಾಕ್ಷಿ ರೀಸ್ಲಿಂಗೇ ಆಗಿರಬೇಕೆಂದೂ ಇಲ್ಲ. ಎರಡೂ ಬಾಟಲಿಗಳ ಮೇಲೆ ಅದೇ ಊರು, ಅದೇ ಇಸವಿ ಅಚ್ಚಾಗಿರಬಹುದು. ಒಳಗಿನ ವೈನ್‌ಗಳಿಗೆ ದೂರದ ನೆಂಟಸ್ತಿಕೆಯೂ ಇರುವುದಿಲ್ಲ. ಇಸವಿಯನ್ನು ಮಾತ್ರ ನೋಡಿ ಕೊಳ್ಳುವವರು ಮೋಸಹೋಗುವುದು ಇಲ್ಲಿಯೇ.

ಇದಕ್ಕೆ ಅವಕಾಶ ಮಾಡಿಕೊಟ್ಟದ್ದು ಜರ್ಮನಿಯ 1971ರ ವೈನ್ ಕಾನೂನು. ದ್ರಾಕ್ಷಿರಸದಲ್ಲಿ ಸಕ್ಕರೆ ಎಷ್ಟಿದೆ ಎಂಬುದನ್ನು ಏಕ್ಸ್ಲೆ ಮಾಪಕದಿಂದ ಅಳೆದು ಕಾಬಿನೆಟ್, ಶ್ಪೇಟ್ಲೇಸೆ, ಔಸ್ಲೇಸೆ ಎಂದು ಕೆಳಗಿನಿಂದ ಮೇಲಕ್ಕೆ ಮೆಟ್ಟಿಲು ಕಟ್ಟಿದ ಆ ಕಾನೂನು, ಒಳ್ಳೆಯ ನೆಲಕ್ಕೂ ಸಾಮಾನ್ಯ ನೆಲಕ್ಕೂ ಭೇದ ಮಾಡಲಿಲ್ಲ. ಫ್ರಾನ್ಸಿನ ಬರ್ಗಂಡಿಯಲ್ಲಿ ಶ್ರೇಣಿ ಸಿಗುವುದು ನೆಲಕ್ಕೆ: ಒಂದೇ ಬೆಳೆಗಾರನ ಎರಡು ತುಂಡು ಭೂಮಿಗಳು, ನಡುವೆ ಬರಿಯ ಒಂದು ಕಾಲುದಾರಿ ಇದ್ದರೂ, ಬೇರೆ ಬೇರೆ ದರ್ಜೆಯವಾಗಬಹುದು. ಫ್ರಾನ್ಸಿನದೇ ಆದ ಬೋರ್ಡೋ ಸೀಮೆಯ 1855ರ ಶ್ರೇಣೀಕರಣವೋ, ನೆಲಕ್ಕಿಂತ ಹೆಚ್ಚಾಗಿ ಎಸ್ಟೇಟಿನ ಹೆಸರನ್ನೇ ಹಿಡಿದು ನಿಂತಿದೆ. ಈ ಮೂರರಲ್ಲಿ ಬರ್ಗಂಡಿಯದೇ ಹೆಚ್ಚು ಪ್ರಾಮಾಣಿಕವೆಂದು ನನ್ನ ಅಭಿಪ್ರಾಯ, ಅಲ್ಲಿನ ಬೆಲೆಯ ಮಾತು ಬಿಟ್ಟು. ಜರ್ಮನಿಯೂ 2021ರ ತಿದ್ದುಪಡಿಯಿಂದ ಆ ದಾರಿಗೇ ತಿರುಗಿದೆ. ಮಿಶೆಲ್ಸ್‌ಬೆರ್ಗ್‌ನಂಥ ಹೆಸರುಗಳ ಜೊತೆಗೆ, ಇದು ಪ್ರದೇಶದ ಹೆಸರೆಂದು ತಿಳಿಸುವ ಪದವನ್ನು 2026ರ ಫಸಲಿನಿಂದ ಸೇರಿಸಲೇಬೇಕಾಗಿದೆ.

ಹಾಗಾದರೆ ಇಸವಿಯಿಂದ ಏನು ಪ್ರಯೋಜನ? ಒಂದೇ ತೋಟದ, ಒಬ್ಬರೇ ಬೆಳೆಗಾರರ ಬೇರೆ ಬೇರೆ ವರ್ಷಗಳ ವೈನನ್ನು ಸಾಲಾಗಿಟ್ಟು ರುಚಿ ನೋಡಿದಾಗ ಅದು ಸ್ಪಷ್ಟವಾಗುತ್ತದೆ. ಮೋಸೆಲ್‌ನ 2018 ಬಿಸಿಲು ಕಾದ ವರ್ಷ. ಆ ವೈನ್ ತುಂಬಿಕೊಂಡಿರುತ್ತದೆ, ಮಾಗಿದ ಹಣ್ಣಿನ ಘಮವಿರುತ್ತದೆ, ಹುಳಿ ಮೆತ್ತಗಿರುತ್ತದೆ. 2021 ತಂಪಾದ, ಮಳೆಯ ವರ್ಷ, ಜರ್ಮನಿಯ ಆರ್ ನದಿಯ ಕಣಿವೆಯಲ್ಲಿ ಪ್ರವಾಹ ಬಂದದ್ದೂ ಅದೇ ವರ್ಷದ ಜುಲೈನಲ್ಲಿ. ಆ ವೈನ್‌ನ ಹುಳಿ ನಾಲಿಗೆಯ ಎರಡೂ ಅಂಚುಗಳನ್ನು ಹಿಡಿದುಕೊಂಡು, ನುಂಗಿದ ಮೇಲೂ ಬಾಯಲ್ಲಿ ನೀರೂರಿಸುತ್ತಲೇ ಇರುತ್ತದೆ. ಹಳೆಯ ರೀಸ್ಲಿಂಗ್‌ನಲ್ಲಿ ಮೂಗಿಗೆ ಬಡಿಯುವ ಸೀಮೆಎಣ್ಣೆಯ ವಾಸನೆಗೂ ಬಿಸಿಲಿಗೂ ಸಂಬಂಧವಿದೆ. ಗೊಂಚಲಿಗೆ ನೇರ ಬಿಸಿಲು ಹೆಚ್ಚು ಬಿದ್ದಷ್ಟೂ ಅದರ ಮೂಲದ್ರವ್ಯ ಹಣ್ಣಿನಲ್ಲಿ ಹೆಚ್ಚಾಗುತ್ತದೆ. ಮೊದಲ ಸಲ ಅದನ್ನು ಮೂಸಿದ ನಮ್ಮವರು ಬಾಟಲಿ ಕೆಟ್ಟಿದೆಯೆಂದು ಪಕ್ಕಕ್ಕಿಡುತ್ತಾರೆ. ಇಲ್ಲಿಯ ರಸಿಕರಿಗೆ ಅದೇ ಹದವಾದ ಪ್ರಮಾಣದಲ್ಲಿದ್ದರೆ ಪ್ರೌಢಿಮೆಯ ಗುರುತು. ನನಗೆ ಈಗಲೂ ಅದು ತುಸು ಹೆಚ್ಚೇ ಅನಿಸುತ್ತದೆ.

ಎಂದರೆ ಇಸವಿಯಿಂದ ತಿಳಿಯುವುದು ವೈನ್‌ನ ಸ್ವಭಾವ. ಅದನ್ನು ಅಂಕ ಕೊಡುವ ಪಟ್ಟಿಯಾಗಿ ಮಾಡಿಕೊಂಡದ್ದು ವ್ಯಾಪಾರದ ಅನುಕೂಲಕ್ಕೆ. ಇಡೀ ಒಂದು ಸೀಮೆಗೆ, ಒಂದು ವರ್ಷಕ್ಕೆ ನೂರಕ್ಕೆ ಇಷ್ಟು ಎಂದು ಬರೆಯುವ ಪಟ್ಟಿಗಳಲ್ಲಿ 2021ರಂಥ ವರ್ಷಗಳು ಹಿಂದೆ ಬೀಳಬಹುದು, ಆದರೆ ನಮ್ಮ ಊಟಕ್ಕೆ ಅವೇ ಹೇಳಿ ಮಾಡಿಸಿದಂತಿವೆ. ಖಾರದೊಂದಿಗೆ ಆಲ್ಕೋಹಾಲ್ ಸೇರಿದರೆ ಉರಿ ಹೆಚ್ಚಾಗುತ್ತದೆ, ಹುಣಸೆಯ ಮುಂದೆ ಹುಳಿಯಿಲ್ಲದ ವೈನ್ ಸಪ್ಪೆಯಾಗುತ್ತದೆ. ಶೇಕಡಾ 14 ಆಲ್ಕೋಹಾಲ್ ಇರುವ ಕೆಂಪು ವೈನನ್ನು ಬಿಸಿಬೇಳೆ ಬಾತಿನ ಜೊತೆ ಬಡಿಸಿದರೆ ಎರಡೂ ಕೆಡುತ್ತವೆ. ಶೇಕಡಾ 8 ಅಥವಾ 9ರ, ಕೊಂಚ ಸಿಹಿ ಉಳಿಸಿಕೊಂಡ, ತಂಪು ವರ್ಷದ ಕಾಬಿನೆಟ್ ಆದರೆ ಊಟ ಮುಗಿಯುವವರೆಗೂ ಜೊತೆಗೆ ನಿಲ್ಲುತ್ತದೆ. ಕಾಚಂಪುಳಿ ಹಾಕಿದ ಪಂದಿ ಕರಿಗೆ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಶ್ಪೇಟ್ಲೇಸೆ ಒಪ್ಪುತ್ತದೆ. ನಾನು ಬೇಕೆಂದ ತಿದ್ದುಪಡಿ ಇದು: ತೋಟ ಮತ್ತು ಬೆಳೆಗಾರರನ್ನು ಆರಿಸಿದ ಮೇಲೆ, ಅಂದಿನ ಅಡುಗೆಯನ್ನು ನೋಡಿ ಇಸವಿಯನ್ನು ಆರಿಸಬೇಕು.

ಊರಿಗೆ ಬಂದಾಗ ಅಂಗಡಿಗಳಲ್ಲಿ ನನಗೆ ಕಾಣುವುದು ಬ್ರ್ಯಾಂಡ್ ಮತ್ತು ಬೆಲೆ, ಅದರಾಚೆ ಹೆಚ್ಚೇನೂ ಇಲ್ಲ. ಬ್ಯಾಡಗಿ ಮೆಣಸಿನಕಾಯಿಯನ್ನೂ ಗುಂಟೂರಿನದನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಇಡುವ ಜನಕ್ಕೆ ಊರಿನ ಮಹತ್ವವನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ವೈನ್‌ಗೆ ಮಾತ್ರ ಆ ವಿವೇಕ ಇನ್ನೂ ಬಂದಿಲ್ಲ. ದೊಡ್ಡಬಳ್ಳಾಪುರದ ಸುತ್ತ ಗ್ರೋವರ್ ಕುಟುಂಬ ಫ್ರೆಂಚ್ ತಳಿಗಳನ್ನು ನೆಟ್ಟದ್ದು 1980ರ ದಶಕದಲ್ಲಿ. ನಂದಿ ಬೆಟ್ಟದ ತಪ್ಪಲಿನ ಆ ಎತ್ತರ, ರಾತ್ರಿಯ ತಂಪು ಒಂದು ಬಗೆ. ವಿಜಯಪುರ, ಬಾಗಲಕೋಟೆ ಕಡೆಯ ಕೃಷ್ಣಾ ಕಣಿವೆಯ ಒಣ ಬಿಸಿಲು, ಕಪ್ಪು ನೆಲ ಇನ್ನೊಂದು ಬಗೆ. ನಮ್ಮಲ್ಲಿ ಬಳ್ಳಿಗೆ ಚಳಿಗಾಲದ ನಿದ್ದೆಯಿಲ್ಲ. ವರ್ಷಕ್ಕೆರಡು ಸಲ ಚಾಟನಿ ಮಾಡಿ, ಎಂದರೆ ಬಳ್ಳಿಯನ್ನು ಸವರಿ, ಒಂದು ಫಸಲನ್ನು ಮಾತ್ರ ಇಟ್ಟುಕೊಂಡು, ಫೆಬ್ರುವರಿ, ಮಾರ್ಚ್ ಹೊತ್ತಿಗೆ ಕೊಯ್ಲು ಮಾಡುತ್ತಾರೆ. ಹೀಗಾಗಿ ನಮ್ಮ ಇಸವಿಗಳ ಭವಿಷ್ಯವನ್ನು ಬಹುಮಟ್ಟಿಗೆ ನಿರ್ಧರಿಸುವುದು ಎರಡನೆಯ ಚಾಟನಿಯ ಮೇಲೆ ಸುರಿಯುವ ಅಕ್ಟೋಬರ್ ಮಳೆ ಮತ್ತು ಅದರ ಬೆನ್ನಿಗೆ ಬರುವ ಬೂಜುರೋಗ. ಈ ಎರಡು ಸೀಮೆಗಳ ಒಂದೇ ತಳಿಯ, ಒಂದೇ ವರ್ಷದ ವೈನನ್ನು ಅಕ್ಕಪಕ್ಕ ಇಟ್ಟು ರುಚಿ ನೋಡುವ ಅವಕಾಶವನ್ನು ನಮ್ಮ ವೈನ್ ಮೇಳಗಳು ಒದಗಿಸಿದರೆ, ಮತ್ತು ಲೇಬಲ್ಲಿನ ಮೇಲೆ ರಾಜ್ಯದ ಹೆಸರಿನ ಕೆಳಗೆ ತಾಲ್ಲೂಕಿನ ಹೆಸರೂ ಬಂದರೆ, ಮುಂದಿನ ಸಲ ಮೈನ್ಸ್‌ಗೆ ಬರುವ ನೆಂಟರ ಕೈಲಿ ನಾನೇ ಎರಡು ಬಾಟಲಿ ತರಿಸಿಕೊಂಡೇನು.